‘ನೋ ಗ್ರೋತ್’ ಅಂದ್ರೆ ಫಂಗಸ್ ಇಲ್ಲ ಅಂತಲ್ಲ

ರಾತ್ರಿ ಹನ್ನೊಂದೂವರೆಗೆ ಗೆಳೆಯನೊಬ್ಬ ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಕೆಳಗೆ ಮೆಸೇಜು: ‘ಮಗಾ, ಅಮ್ಮನ ರಿಪೋರ್ಟ್ ನೋಡು. ಬ್ಲಡ್ ಕಲ್ಚರ್‌ನಲ್ಲಿ 48 ಗಂಟೆ ಆದ್ರೂ ನೋ ಗ್ರೋತ್ ಅಂತ ಬಂದಿದೆ. ಆದ್ರೂ ಫಂಗಸ್ ಇರ್ಬೋದು, ಇಂಜೆಕ್ಷನ್ ಶುರು ಮಾಡ್ತೀವಿ ಅಂತಿದಾರೆ. ಒಂದೊಂದು ವಯಲ್‌ಗೂ ಸಾವಿರಾರು ರೂಪಾಯಿ. ಬಿಲ್ ಏರ್ಸೋಕೆ ಮಾಡ್ತಿದಾರಾ?’

ಅವನ ಅಮ್ಮನಿಗೆ ಕರುಳು ತೂತಾಗಿ ಆಪರೇಷನ್ ಆಗಿತ್ತು. ಐಸಿಯುನಲ್ಲಿ ಒಂಬತ್ತನೇ ದಿನ. ಕತ್ತಿನ ಹತ್ತಿರ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್, ಎರಡು ಮೂರು ಬಗೆಯ ಆಂಟಿಬಯೋಟಿಕ್, ಊಟವೆಲ್ಲ ಡ್ರಿಪ್‌ನಲ್ಲೇ. ಜ್ವರ ಮಾತ್ರ ಇಳಿಯುತ್ತಿಲ್ಲ.

ನಾನು ಡಾಕ್ಟರಲ್ಲ. ಆದರೆ ಲ್ಯಾಬ್ ಮೆಷಿನ್‌ಗಳನ್ನು ಆಸ್ಪತ್ರೆಯ ಕಂಪ್ಯೂಟರ್‌ಗೆ ಜೋಡಿಸುವ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಅದಕ್ಕಾಗಿ ಒಂದು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಮೂರು ವಾರ ಕೂತು, ರಕ್ತದ ಬಾಟಲಿ ಒಳಗೆ ಬಂದಾಗಿನಿಂದ ರಿಪೋರ್ಟ್ ಹೊರಗೆ ಹೋಗುವವರೆಗೆ ಏನೇನಾಗುತ್ತದೆ ಅಂತ ನೋಡಿದ್ದೇನೆ. ಹಾಗಾಗಿ ಗೆಳೆಯನಿಗೆ ಫೋನ್ ಮಾಡಿ ಇಷ್ಟು ಹೇಳಿದೆ: ಇಂಜೆಕ್ಷನ್ ಬೇಕೋ ಬೇಡವೋ ಅಂತ ನಾನು ಹೇಳಲಾರೆ, ಆದರೆ ಆ ‘ನೋ ಗ್ರೋತ್’ಗೆ ನೀನು ಅಂದುಕೊಂಡ ಅರ್ಥ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಈಗ ರಿಪೋರ್ಟ್‌ಗಳು ಡಾಕ್ಟರ್ ನೋಡುವ ಮೊದಲೇ ನಮ್ಮ ಫೋನಿಗೆ ಬಂದುಬಿಡುತ್ತವೆ.

ನಮ್ಮೊಳಗೇ ಇರುವ ಯೀಸ್ಟ್

2021ರಲ್ಲಿ ಬ್ಲ್ಯಾಕ್ ಫಂಗಸ್ ಸುದ್ದಿ ನೋಡಿ ಹೆದರಿದ್ದು ನೆನಪಿರಬಹುದು. ಅದು ಬೇರೆ, ಮೂಗು ಕಣ್ಣುಗಳ ಕಡೆ ಹಬ್ಬುವ ಬೂಷ್ಟಿನ ಜಾತಿ. ಐಸಿಯು ರೋಗಿಗಳ ರಕ್ತಕ್ಕೆ ಸಾಮಾನ್ಯವಾಗಿ ನುಗ್ಗುವುದು ಕ್ಯಾಂಡಿಡಾ ಎಂಬ ಯೀಸ್ಟ್. ಇದೇನೂ ಅಪರಿಚಿತ ಅಲ್ಲ. ಎಷ್ಟೋ ಜನರ ಬಾಯಿ, ಕರುಳು, ಚರ್ಮದ ಮೇಲೆ ಸುಮ್ಮನೆ ಇರುತ್ತದೆ. ಎಳೆಮಕ್ಕಳ ನಾಲಗೆ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೂ ಬಹುಪಾಲು ಇದೇ.

ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುವುದರಿಂದ ಕ್ಯಾಂಡಿಡಾಕ್ಕೆ ಜಾಗ ಕಮ್ಮಿ. ಬಲವಾದ ಆಂಟಿಬಯೋಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಯೀಸ್ಟ್‌ಗೆ ಏನೂ ಆಗಲ್ಲ. ಖಾಲಿ ಜಾಗದಲ್ಲಿ ಅದು ಬೆಳೆಯುತ್ತದೆ. ಕರುಳಿನ ಗೋಡೆ ಆಪರೇಷನ್‌ನಿಂದಲೋ ಉರಿಯೂತದಿಂದಲೋ ತೆರೆದುಕೊಂಡಿದ್ದರೆ ಅಲ್ಲಿಂದ ರಕ್ತಕ್ಕೆ ದಾರಿ. ಇಲ್ಲವೇ ಚರ್ಮದಿಂದ ಸೆಂಟ್ರಲ್ ಲೈನ್ ಹಿಡಿದು ಒಳಗೆ ದಾರಿ. ಡಯಾಲಿಸಿಸ್, ಸ್ಟೀರಾಯ್ಡ್, ಸುಟ್ಟಗಾಯ, ತಿಂಗಳು ತುಂಬದೆ ಹುಟ್ಟಿದ ಮಗು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ.

ನಮ್ಮ ದೇಶದ 27 ಐಸಿಯುಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐಸಿಯು ಸೇರಿದ ಪ್ರತಿ 1,000 ರೋಗಿಗಳಲ್ಲಿ ಸುಮಾರು 6.5 ಮಂದಿಯ ರಕ್ತದಲ್ಲಿ ಕ್ಯಾಂಡಿಡಾ ಸಿಕ್ಕಿತ್ತು. ಒಟ್ಟು 1,400 ಪ್ರಕರಣ. ಸಂಖ್ಯೆ ಸಣ್ಣದಾಗಿ ಕಾಣಬಹುದು. ಆದರೆ ಆ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು. ಎಲ್ಲ ಸಾವಿಗೂ ಫಂಗಸ್ಸೇ ಕಾರಣ ಅಂತಲ್ಲ, ಅವರೆಲ್ಲ ಮೊದಲೇ ತುಂಬ ಕಾಯಿಲೆಯವರು. ಆದರೂ ಸರಿಯಾದ ಔಷಧಿ ಒಂದೆರಡು ದಿನ ತಡವಾದರೆ ಸಾವಿನ ಸಂಭವ ಹೆಚ್ಚುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಟೆಸ್ಟ್ ಉತ್ತರ ಕೊಡುವುದಕ್ಕೇ ಎರಡು ಮೂರು ದಿನ ಬೇಕು ಎನ್ನುವುದೇ ಇಲ್ಲಿಯ ಇಕ್ಕಟ್ಟು.

ಬಾಟಲಿಯೊಳಗೆ ಏನಾಗುತ್ತೆ

ಬ್ಲಡ್ ಕಲ್ಚರ್ ಅಂದರೆ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ರಕ್ತದಲ್ಲಿರುವ ಜೀವಿಗೆ ಊಟ ಹಾಕಿ, ಬೆಚ್ಚಗಿಟ್ಟು, ಅದು ಕಣ್ಣಿಗೆ ಬೀಳುವಷ್ಟು ಬೆಳೆಯಲಿ ಅಂತ ಕಾಯುವುದು. ದೊಡ್ಡವರಿಗಾದರೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ. ಬಾಟಲಿಯಲ್ಲಿ ಪೋಷಕ ದ್ರವ ಇರುತ್ತದೆ. ಜೀವಿ ಬೆಳೆದಂತೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬುವುದೂ ಅದೇ ಅನಿಲದಿಂದ. ಬಾಟಲಿಯ ಬುಡದಲ್ಲಿರುವ ಸೆನ್ಸರ್ ಆ ಅನಿಲವನ್ನು ಗುರುತಿಸುತ್ತದೆ. ಮೆಷಿನ್ ಸುಮಾರು ಹತ್ತು ನಿಮಿಷಕ್ಕೊಮ್ಮೆ ಪ್ರತಿ ಬಾಟಲಿಯನ್ನೂ ಓದುತ್ತಾ ಇರುತ್ತದೆ. ನಮ್ಮ ಸರ್ವರ್ ಮಾನಿಟರಿಂಗ್ ಥರಾನೇ. ಏನೂ ಆಗದಿದ್ದರೆ ಸಾಮಾನ್ಯವಾಗಿ ಐದು ದಿನ ಇಟ್ಟು ‘ನೆಗೆಟಿವ್’ ಅಂತ ಮುಗಿಸುತ್ತಾರೆ.

ಅಂದರೆ 48 ಗಂಟೆಯ ರಿಪೋರ್ಟ್ ಓಟದ ಮಧ್ಯದ ಸ್ಕೋರು. ಕ್ಯಾಂಡಿಡಾ ಬೆಳೆಯಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಕೆಲವು ಜಾತಿಗಳು ಇನ್ನೂ ನಿಧಾನ.

ಐದು ದಿನ ಪೂರ್ತಿ ಆದಮೇಲೂ ತೊಂದರೆ ಮುಗಿಯಲ್ಲ. ಅನ್ನ ಬೆಂದಿದೆಯೋ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು. ರಕ್ತದ ವಿಷಯದಲ್ಲಿ ಆ ಲೆಕ್ಕ ನಡೆಯಲ್ಲ. ಸೋಂಕು ಇರುವ ರೋಗಿಯಲ್ಲೂ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೇ ಒಂದು ಯೀಸ್ಟ್ ಕೋಶ ಇರಬಹುದು, ಅದೂ ಇಲ್ಲದಿರಬಹುದು. ಇದು ಅಕ್ಕಿ ಮೂಟೆಯಲ್ಲಿ ಕಲ್ಲು ಹುಡುಕಿದ ಹಾಗೆ. ಒಂದು ಹಿಡಿ ಆರಿಸಿದಾಗ ಕಲ್ಲು ಸಿಗದಿದ್ದರೆ ಆ ಹಿಡಿಯಲ್ಲಿ ಇಲ್ಲ ಅಂತ ಅಷ್ಟೇ. ಅದಕ್ಕೇ ಫಂಗಸ್ ಅನುಮಾನ ಇದ್ದಾಗ ದೊಡ್ಡವರಿಂದ ಒಟ್ಟು 40ರಿಂದ 60 ಮಿಲಿಲೀಟರ್ ರಕ್ತವನ್ನು ಹಲವು ಬಾಟಲಿಗಳಿಗೆ ತೆಗೆಯಬೇಕು ಅಂತ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ‘ಎಷ್ಟು ರಕ್ತ ಎಳೀತಾರಪ್ಪಾ’ ಅಂತ ಬೇಜಾರು ಮಾಡಿಕೊಳ್ಳುವ ಮನೆಮಂದಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಅರ್ಧ ತುಂಬಿದ ಬಾಟಲಿ ಅರ್ಧ ಟೆಸ್ಟ್.

ಇನ್ನು ಕೆಲವರಲ್ಲಿ ಫಂಗಸ್ ಹೊಟ್ಟೆಯೊಳಗೆ ಕೀವಿನ ಗಂಟಿನಲ್ಲೋ ಲಿವರ್‌ನಲ್ಲೋ ಕೂತಿರುತ್ತದೆ, ರಕ್ತದಲ್ಲಿ ಸಿಗುವುದೇ ಇಲ್ಲ. ಇದನ್ನೆಲ್ಲ ಸೇರಿಸಿದರೆ, ದೇಹದೊಳಗೆ ಹರಡಿದ ಕ್ಯಾಂಡಿಡಾ ಸೋಂಕಿನಲ್ಲಿ ಬ್ಲಡ್ ಕಲ್ಚರ್ ಹಿಡಿಯುವುದು ಸುಮಾರು ಅರ್ಧದಷ್ಟನ್ನು ಮಾತ್ರ. ನಮ್ಮ ಆಫೀಸಿನಲ್ಲಿ ಅರ್ಧ ಬಗ್ ಬಿಟ್ಟುಬಿಡುವ ಟೆಸ್ಟ್ ಸೂಟ್ ಇಟ್ಟುಕೊಂಡು ‘ಎಲ್ಲ ಪಾಸ್’ ಅಂದರೆ ಯಾರೂ ರಿಲೀಸ್ ಮಾಡಲ್ಲ.

ಸಮಯ ಎಲ್ಲಿ ಹೋಗುತ್ತೆ

ಲ್ಯಾಬಿನಲ್ಲಿ ಕೂತಾಗ ನನಗೆ ಹೆಚ್ಚು ಆಶ್ಚರ್ಯ ಆಗಿದ್ದು ಮೆಷಿನ್ ಅಲ್ಲ, ಟೈಮ್‌ಸ್ಟ್ಯಾಂಪ್‌ಗಳು. ಒಂದು ಬಾಟಲಿಗೆ ನಾಲ್ಕು ಸಮಯಗಳಿರುತ್ತವೆ: ರಕ್ತ ತೆಗೆದದ್ದು, ಲ್ಯಾಬ್ ತಲುಪಿದ್ದು, ಮೆಷಿನ್‌ಗೆ ಹಾಕಿದ್ದು, ಮೆಷಿನ್ ಕೂಗಿದ್ದು. ಮನೆಯವರು ಗಂಟೆ ಎಣಿಸುವುದು ಮೊದಲನೆಯದರಿಂದ. ಮೆಷಿನ್ ಎಣಿಸುವುದು ಮೂರನೆಯದರಿಂದ. ರಕ್ತ ತೆಗೆದ ಎರಡು ಗಂಟೆಯೊಳಗೆ ಬಾಟಲಿ ಲ್ಯಾಬ್ ಸೇರಬೇಕು ಎನ್ನುವುದು ಸಾಮಾನ್ಯ ನಿಯಮ. ಶನಿವಾರ ರಾತ್ರಿ ತೆಗೆದ ಬಾಟಲಿ ವಾರ್ಡಿನ ಟ್ರೇನಲ್ಲೇ ಕೂತು ಭಾನುವಾರ ಬೆಳಗ್ಗೆ ಇಳಿದು ಬಂದದ್ದನ್ನೂ ನೋಡಿದ್ದೇನೆ. ಲಕ್ಷಾಂತರ ರೂಪಾಯಿಯ ಮೆಷಿನ್ ಉಳಿಸಿಕೊಟ್ಟ ಗಂಟೆಗಳನ್ನು ಲಿಫ್ಟಿನ ಪಕ್ಕದ ಟ್ರೇ ತಿಂದುಹಾಕುತ್ತದೆ.

ಆ ಪ್ರಾಜೆಕ್ಟಿನಲ್ಲಿ ರಿಪೋರ್ಟಿನ ಪದಗಳ ಬಗ್ಗೆ ಒಂದು ದೊಡ್ಡ ಚರ್ಚೆಯೇ ನಡೆಯಿತು. ‘ನೋ ಗ್ರೋತ್’ ಎಲ್ಲ ಲ್ಯಾಬ್‌ಗಳೂ ಬಳಸುವ ಪದ, ಡಾಕ್ಟರ್‌ಗಳಿಗೆ ಗೊತ್ತು, ಬದಲಿಸಬೇಡಿ ಅಂತ ಅಲ್ಲಿನ ಮೇಡಂ ಹೇಳಿದರು. ‘ಈಗ ಓದೋದು ಡಾಕ್ಟರ್ ಮಾತ್ರ ಅಲ್ಲ ಮೇಡಂ, ಕಾರಿಡಾರ್‌ನಲ್ಲಿ ಕೂತಿರೋ ಮಗಳೂ ಓದ್ತಾಳೆ’ ಅಂದೆ. ಕೊನೆಗೆ ಪದ ಹಾಗೇ ಉಳಿಯಿತು, ಕೆಳಗೆ ‘5 ದಿನಗಳಲ್ಲಿ 2ನೇ ದಿನ, ತಾತ್ಕಾಲಿಕ’ ಎನ್ನುವ ಸಾಲು ಸೇರಿತು. ಇಷ್ಟು ವರ್ಷದಲ್ಲಿ ನಾನು ಬರೆದ ಕೋಡ್‌ನಲ್ಲಿ ಅದೇ ಅತ್ಯಂತ ಉಪಯೋಗದ್ದು ಅಂತ ಈಗಲೂ ಅನ್ನಿಸುತ್ತೆ.

ಮೆಷಿನ್ ಕೂಗಿದ ಮೇಲೆ

ಬಾಟಲಿ ಪಾಸಿಟಿವ್ ಆದ ಕೂಡಲೇ ಟೆಕ್ನಿಷಿಯನ್ ಒಂದು ಹನಿ ತೆಗೆದು ಸ್ಲೈಡ್ ಮೇಲೆ ಹಚ್ಚಿ ಗ್ರಾಂ ಬಣ್ಣ ಹಾಕುತ್ತಾರೆ. ಬ್ಯಾಕ್ಟೀರಿಯಾಗಿಂತ ದೊಡ್ಡದಾದ, ನೇರಳೆ ಬಣ್ಣದ ಮೊಟ್ಟೆಯಾಕಾರದ ಕೋಶಗಳು, ಕೆಲವಕ್ಕೆ ಪಕ್ಕದಲ್ಲಿ ಮೊಗ್ಗು. ಅದು ಯೀಸ್ಟ್. ಆ ಕ್ಷಣಕ್ಕೆ ರಿಪೋರ್ಟ್ ಟೈಪ್ ಮಾಡುತ್ತಾ ಕೂರಲ್ಲ. ಐಸಿಯುಗೆ ಫೋನ್. ಆ ಕಡೆಯವರಿಂದ ರೋಗಿಯ ಹೆಸರು, ಫಲಿತಾಂಶ ವಾಪಸ್ ಹೇಳಿಸಿ, ಯಾರಿಗೆ ಎಷ್ಟು ಹೊತ್ತಿಗೆ ಹೇಳಿದೆ ಅಂತ ಬರೆದುಕೊಳ್ಳುತ್ತಾರೆ.

ಕಫದಲ್ಲಿ ಕ್ಯಾಂಡಿಡಾ ಬಂದರೆ ಬಹಳ ಸಲ ಅದಕ್ಕೆ ಔಷಧಿಯೇ ಬೇಡ, ಬಾಯಿಯಿಂದ ಬಂದಿರುತ್ತದೆ. ಮೂತ್ರದಲ್ಲಿ ಬಂದರೂ ಎಲ್ಲರಿಗೂ ಚಿಕಿತ್ಸೆ ಬೇಕಿಲ್ಲ. ಆದರೆ ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಬಂದರೂ ‘ಚರ್ಮದಿಂದ ಸೇರಿರಬೇಕು ಬಿಡಿ’ ಅಂತ ತಳ್ಳಿಹಾಕುವಂತಿಲ್ಲ. (ಒಂದು ವಿಚಿತ್ರ: ಬೇಧಿಗೆ ಕೊಡುವ ಪ್ರೋಬಯೋಟಿಕ್ ಪುಡಿಗಳಲ್ಲಿ ಕೆಲವು ಜೀವಂತ ಯೀಸ್ಟೇ. ಸೆಂಟ್ರಲ್ ಲೈನ್ ಇರುವ ರೋಗಿಗಳಲ್ಲಿ ಆ ಯೀಸ್ಟೇ ರಕ್ತ ಸೇರಿದ ಉದಾಹರಣೆಗಳಿವೆ. ಹಾಗಾಗಿ ಐಸಿಯು ರೋಗಿಗೆ ಮನೆಯಿಂದ ಇಂಥದ್ದೇನನ್ನೂ ಒಯ್ಯಬೇಡಿ.)

ಯೀಸ್ಟ್ ಅಂತ ಗೊತ್ತಾದರೆ ಸಾಲದು, ಯಾವ ಜಾತಿ ಅಂತ ಬೇಕು. ಔಷಧಿಯ ಆಯ್ಕೆ ಅದರ ಮೇಲೆ ನಿಂತಿದೆ. ಹಳೆಯ ಉಪಾಯವೊಂದು ನನಗೆ ತುಂಬ ಇಷ್ಟವಾಯಿತು. ಯೀಸ್ಟನ್ನು ಸ್ವಲ್ಪ ಸೀರಂನಲ್ಲಿ ಹಾಕಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡುತ್ತಾರೆ. ಅದು ಕ್ಯಾಂಡಿಡಾ ಆಲ್ಬಿಕನ್ಸ್ ಆಗಿದ್ದರೆ ನೆನೆಸಿದ ಹೆಸರುಕಾಳಿನ ಹಾಗೆ ಒಂದು ಮೊಳಕೆ ಬಿಡುತ್ತದೆ. ಇನ್ನೊಂದು, ಬಣ್ಣದ ಪ್ಲೇಟು. ಅದರ ಮೇಲೆ ಆಲ್ಬಿಕನ್ಸ್ ಹಸಿರಾಗಿ ಬೆಳೆಯುತ್ತದೆ, ಟ್ರಾಪಿಕಾಲಿಸ್ ನೀಲಿಯಾಗಿ, ಕ್ರೂಸಿ ಗುಲಾಬಿಯಾಗಿ. ಕ್ರೂಸಿಗೆ ಫ್ಲುಕೊನಜೋಲ್ ಎಂಬ ಅಗ್ಗದ ಮಾತ್ರೆ ಹುಟ್ಟಿನಿಂದಲೇ ನಾಟುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಆಲ್ಬಿಕನ್ಸೇ ಮುಖ್ಯ ಪಾತ್ರ, ಆದರೆ ಆ 27 ಐಸಿಯುಗಳ ಅಧ್ಯಯನದಲ್ಲಿ ಮೊದಲ ಸ್ಥಾನ ಟ್ರಾಪಿಕಾಲಿಸ್‌ಗೆ, ಶೇ 40ಕ್ಕೂ ಹೆಚ್ಚು.

ಗೆಳೆಯನ ಅಮ್ಮನದ್ದೂ ಅದೇ ಆಗಿತ್ತು. ಅವನು ಸಹಿ ಹಾಕಿದ ಮೇಲೆ ಆ ರಾತ್ರಿಯೇ ಇಂಜೆಕ್ಷನ್ ಶುರುವಾಗಿತ್ತು. ಮರುದಿನ ಸಂಜೆ, ಅಂದರೆ ಮೆಷಿನ್‌ಗೆ ಹಾಕಿ 70 ಗಂಟೆ ಕಳೆದ ಮೇಲೆ, ‘ನೋ ಗ್ರೋತ್’ ಅಂದಿದ್ದ ಬಾಟಲಿಗಳಲ್ಲೇ ಒಂದು ಪಾಸಿಟಿವ್ ಆಯಿತು. ರಿಪೋರ್ಟ್‌ಗಾಗಿ ಕಾದಿದ್ದರೆ ಔಷಧಿ ಸುಮಾರು 20 ಗಂಟೆ ತಡವಾಗುತ್ತಿತ್ತು. ಅವರು ಇನ್ನೂ ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಹೆಸರು ತಪ್ಪಿದ ಫಂಗಸ್

ಈಗ ದೊಡ್ಡ ಲ್ಯಾಬ್‌ಗಳಲ್ಲಿ ಮಾಲ್ಡಿ-ಟಾಫ್ ಎಂಬ ಮೆಷಿನ್ ಇದೆ. ಜೀವಿಯ ಒಂದು ಚುಕ್ಕೆಗೆ ಲೇಸರ್ ಹೊಡೆದು ಅದರ ಪ್ರೋಟೀನ್‌ಗಳನ್ನು ಒಂದು ಕೊಳವೆಯಲ್ಲಿ ಓಡಿಸುತ್ತದೆ. ಹಗುರವಾದವು ಬೇಗ ಗುರಿ ಮುಟ್ಟುತ್ತವೆ, ಭಾರದವು ತಡವಾಗಿ. ಆ ಸಮಯಗಳ ಪಟ್ಟಿಯೇ ಬೆರಳಚ್ಚು. ಅದನ್ನು ಲೈಬ್ರರಿಯೊಂದಿಗೆ ಹೋಲಿಸಿ ಹೆಸರು ಹೇಳುತ್ತದೆ. ಕೆಲವೇ ನಿಮಿಷಗಳ ಕೆಲಸ.

ಲೈಬ್ರರಿಯಲ್ಲಿ ಇಲ್ಲದ್ದು ಬಂದರೆ? ಇಂಥದ್ದು ನಿಜಕ್ಕೂ ಆಗಿದೆ. 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ತೆಗೆದ ಹೊಸ ಯೀಸ್ಟ್‌ಗೆ ಕ್ಯಾಂಡಿಡಾ ಆರಿಸ್ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ‘ಆರಿಸ್’ ಅಂದರೆ ಕಿವಿ. 2013ರ ಹೊತ್ತಿಗೆ ದೆಹಲಿಯ ಸಂಶೋಧಕರು ಇದು ರಕ್ತದ ಸೋಂಕು ತರುತ್ತಿರುವುದನ್ನು ವರದಿ ಮಾಡಿದ್ದರು. ಅಷ್ಟರಲ್ಲಿ ಎಷ್ಟೋ ಲ್ಯಾಬ್‌ಗಳ ಹಳೆಯ ಆಟೊಮ್ಯಾಟಿಕ್ ಮೆಷಿನ್‌ಗಳು ಇದನ್ನು ‘ಹೀಮುಲೋನಿ’ ಎಂಬ ಇನ್ನೊಂದು ಅಪರೂಪದ ಜಾತಿ ಅಂತ ಹೇಳುತ್ತಿದ್ದವು. ಡೇಟಾಬೇಸ್‌ನಲ್ಲಿ ಆರಿಸ್ ಇರಲಿಲ್ಲ, ಹಾಗಾಗಿ ಹತ್ತಿರದ ಸಂಬಂಧಿಯ ಹೆಸರು ಕೊಟ್ಟವು. ಸಾಫ್ಟ್‌ವೇರ್ ಬರೆಯುವ ನಮಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ: ‘ಗೊತ್ತಿಲ್ಲ’ ಅನ್ನುವ ಬದಲು ಹತ್ತಿರದ ಉತ್ತರ ಕೊಟ್ಟುಬಿಡುವ ಪ್ರೋಗ್ರಾಂ.

ಇದು ಬರೀ ಹೆಸರಿನ ತಕರಾರಲ್ಲ. ಆರಿಸ್‌ನ ಬಹುಪಾಲು ತಳಿಗಳಿಗೆ ಫ್ಲುಕೊನಜೋಲ್ ಕೆಲಸ ಮಾಡಲ್ಲ. ಉಳಿದ ಕ್ಯಾಂಡಿಡಾಗಳು ಬಹುತೇಕ ರೋಗಿಯ ದೇಹದಿಂದಲೇ ಬಂದರೆ, ಇದು ಮಂಚದ ಕಂಬಿ, ಬಿಪಿ ಪಟ್ಟಿಗಳ ಮೇಲೆ ವಾರಗಟ್ಟಲೆ ಬದುಕಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹೆಸರು ತಪ್ಪಿದರೆ ಆ ಹಾಸಿಗೆಯ ರೋಗಿಗೂ ಕಷ್ಟ, ಪಕ್ಕದ ಹಾಸಿಗೆಯವರಿಗೂ ಕಷ್ಟ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ ಆರಿಸ್ ಅತ್ಯಂತ ಗಂಭೀರ ಗುಂಪಿನಲ್ಲಿತ್ತು.

ಕಾಯದೆ ತಿಳಿಯೋ ದಾರಿ ಇಲ್ವಾ?

ಇದೆ. ಆದರೆ ಪೂರ್ತಿ ಅಲ್ಲ. ಬೀಟಾ-ಡಿ-ಗ್ಲೂಕಾನ್ ಅಂತ ಒಂದು ರಕ್ತಪರೀಕ್ಷೆ ಇದೆ. ಹಲವು ಫಂಗಸ್‌ಗಳ ಕೋಶದ ಗೋಡೆಯಲ್ಲಿರುವ ಸಕ್ಕರೆಯಂಥ ವಸ್ತುವನ್ನು ಅದು ಅಳೆಯುತ್ತದೆ. ಮಜಾ ಏನಂದ್ರೆ, ಇದನ್ನು ಕಂಡುಹಿಡಿಯುವ ಕಿಟ್ ಹಾರ್ಸ್‌ಶೂ ಕ್ರ್ಯಾಬ್ ಎಂಬ ಸಮುದ್ರಜೀವಿಯ ನೀಲಿ ರಕ್ತದಿಂದ ಬಂದದ್ದು. ಫಂಗಸ್ ತಗುಲಿದರೆ ಆ ರಕ್ತ ಹೆಪ್ಪುಗಟ್ಟುತ್ತದೆ, ಆ ಗುಣವನ್ನೇ ಟೆಸ್ಟ್ ಮಾಡಿದ್ದಾರೆ. ನಮ್ಮ ಒಡಿಶಾ ಕರಾವಳಿಯಲ್ಲೂ ಈ ಜೀವಿಯ ಬಳಗದವು ಇವೆ.

ತೊಂದರೆ ಏನಂದ್ರೆ ಡಯಾಲಿಸಿಸ್‌ನ ಕೆಲವು ಫಿಲ್ಟರ್, ಅಲ್ಬುಮಿನ್ ಡ್ರಿಪ್, ಇಮ್ಯುನೊಗ್ಲಾಬುಲಿನ್, ಆಪರೇಷನ್‌ನಲ್ಲಿ ಬಳಸಿದ ಗಾಜ್ ಬಟ್ಟೆ, ಇವುಗಳಿಂದಲೂ ಈ ಟೆಸ್ಟ್ ಪಾಸಿಟಿವ್ ಆಗಬಹುದು. ಐಸಿಯು ರೋಗಿಗೆ ಇವೆಲ್ಲ ದಿನನಿತ್ಯದ ವಸ್ತುಗಳು. ಇನ್ನು ಬ್ಲ್ಯಾಕ್ ಫಂಗಸ್ ಜಾತಿಯನ್ನು ಇದು ಹಿಡಿಯುವುದೇ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ, ಅಂಕಿಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು. ಟೆಸ್ಟ್ ಸೋಂಕಿದ್ದವರಲ್ಲಿ ಶೇ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 80 ಮಂದಿಗೆ ಸರಿಯಾಗಿ ‘ಇಲ್ಲ’ ಅನ್ನುತ್ತದೆ ಅಂದುಕೊಳ್ಳಿ. ಐಸಿಯುಗೆ ಬಂದ 1,000 ಜನರಿಗೆ ಕಣ್ಣುಮುಚ್ಚಿ ಈ ಟೆಸ್ಟ್ ಮಾಡಿಸಿದಿರಿ, ಅವರಲ್ಲಿ 10 ಮಂದಿಗೆ ಸೋಂಕಿದೆ. ಟೆಸ್ಟ್ ಅದರಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಸೋಂಕಿಲ್ಲದ 990ರಲ್ಲಿ 198 ಮಂದಿಗೂ ಪಾಸಿಟಿವ್ ಅನ್ನುತ್ತದೆ. ಅಂದರೆ ಪಾಸಿಟಿವ್ ಬಂದ 206 ಮಂದಿಯಲ್ಲಿ ನಿಜವಾದವರು 8. ಅದೇ ನೆಗೆಟಿವ್ ಬಂದ 794 ಮಂದಿಯಲ್ಲಿ ತಪ್ಪಿಹೋದವರು 2 ಮಾತ್ರ.

ಈಗ ಗೆಳೆಯನ ಅಮ್ಮನಂಥವರನ್ನೇ ಆರಿಸಿ: ಹೊಟ್ಟೆಯ ಆಪರೇಷನ್, ಲೈನ್, ಆಂಟಿಬಯೋಟಿಕ್, ಇಳಿಯದ ಜ್ವರ. ಅಂಥ 1,000 ಮಂದಿಯಲ್ಲಿ 300 ಜನರಿಗೆ ಸೋಂಕಿದೆ ಅನ್ನಿ. ಪಾಸಿಟಿವ್ ಬಂದ 380ರಲ್ಲಿ 240 ನಿಜ. ಅದೇ ಟೆಸ್ಟ್, ಅದೇ ಪಾಸಿಟಿವ್, ಅರ್ಥ ಬೇರೆ. ಆದರೆ ಈ ಸಲ ನೆಗೆಟಿವ್ ಬಂದ 620ರಲ್ಲಿ 60 ಮಂದಿಗೆ ಸೋಂಕಿದೆ, ಅದು ಹತ್ತರಲ್ಲಿ ಒಂದು ಹತ್ತಿರ. ಕಾಲೇಜಿನಲ್ಲಿ ಬೇಸ್ ಥಿಯರಮ್ ಅಂತ ಓದಿ ಪರೀಕ್ಷೆ ಮುಗಿದ ಮೇಲೆ ಮರೆತದ್ದು ಇದೇ. ಡಾಕ್ಟರ್ ರಿಪೋರ್ಟ್ ನೋಡುವ ಮೊದಲು ಮಂಚದ ಮೇಲಿರುವವರನ್ನು ನೋಡುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಈ ಲೆಕ್ಕದಿಂದ.

ರಕ್ತದಿಂದ ನೇರವಾಗಿ, ಬೆಳೆಸುವ ಗೋಜಿಲ್ಲದೆ ಕ್ಯಾಂಡಿಡಾದ ಡಿಎನ್ಎ ಹಿಡಿಯುವ ಟೆಸ್ಟ್‌ಗಳೂ ಬಂದಿವೆ. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿ2 ಕ್ಯಾಂಡಿಡಾ ಮೂರರಿಂದ ಐದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಹುಡುಕುವುದು ಐದು ಜಾತಿಗಳನ್ನು ಮಾತ್ರ, ಆರಿಸ್ ಆ ಪಟ್ಟಿಯಲ್ಲಿಲ್ಲ. ಯಾವ ಔಷಧಿಗೆ ಬಗ್ಗುತ್ತದೆ ಅಂತಲೂ ಹೇಳಲ್ಲ. ಅದಕ್ಕೆ ಜೀವಂತ ಫಂಗಸ್ ಬೇಕು, ಅದನ್ನು ಬೇರೆ ಬೇರೆ ಪ್ರಮಾಣದ ಔಷಧಿಯಲ್ಲಿ ಬೆಳೆಸಿ ಎಲ್ಲಿ ನಿಲ್ಲುತ್ತದೆ ನೋಡಬೇಕು. ಹಾಗಾಗಿ ಹಳೆಯ ಬಾಟಲಿಗೆ ರಜೆ ಇಲ್ಲ.

‘ಹಾಗಾದ್ರೆ ಅನುಮಾನ ಬಂದವರಿಗೆಲ್ಲ ಔಷಧಿ ಹಾಕ್ಬಿಡ್ಲಿ’ ಅಂತೀರಾ? ಅದೂ ನಡೆಯಲ್ಲ. ಎಕೈನೊಕ್ಯಾಂಡಿನ್ ಗುಂಪಿನ ಇಂಜೆಕ್ಷನ್‌ಗಳು ದುಬಾರಿ, ಆಂಫೊಟೆರಿಸಿನ್ ಕಿಡ್ನಿಗೆ ಭಾರ, ಬೇಕಾಬಿಟ್ಟಿ ಬಳಸಿದರೆ ಔಷಧಿಗೆ ಬಗ್ಗದ ತಳಿಗಳು ಹೆಚ್ಚುತ್ತವೆ. ಶುರು ಮಾಡಿದ ಮೇಲೆ ಕಲ್ಚರ್ ಏನೂ ತೋರಿಸದೆ, ಗ್ಲೂಕಾನ್ ಕೂಡ ಮತ್ತೆ ಮತ್ತೆ ನೆಗೆಟಿವ್ ಬಂದು, ರೋಗಿ ಸುಧಾರಿಸದೇ ಇದ್ದರೆ ಔಷಧಿ ನಿಲ್ಲಿಸಿ ಜ್ವರಕ್ಕೆ ಬೇರೆ ಕಾರಣ ಹುಡುಕುತ್ತಾರೆ. ಮನೆಯವರು ಕೇಳಬೇಕಾದ್ದು ‘ಯಾಕೆ ಶುರು ಮಾಡಿದ್ರಿ’ ಅಂತ ಮಾತ್ರ ಅಲ್ಲ, ‘ಏನು ಬಂದ್ರೆ ನಿಲ್ಲಿಸ್ತೀರಿ, ಯಾವತ್ತು ಮತ್ತೆ ನೋಡ್ತೀರಿ’ ಅಂತಲೂ. ಎಷ್ಟು ಬಾಟಲಿ ಕಳಿಸಿದ್ದೀರಿ, ಇವತ್ತಿಗೆ ಎಷ್ಟನೇ ದಿನ ಅಂತಲೂ ಕೇಳಬಹುದು. ನಾನು ನೋಡಿದ ಡಾಕ್ಟರ್‌ಗಳಲ್ಲಿ ಹೆಚ್ಚಿನವರಿಗೆ ಇಂಥ ಪ್ರಶ್ನೆ ಕೇಳಿದರೆ ಖುಷಿಯೇ ಆಗುತ್ತದೆ.

ರಕ್ತದಲ್ಲಿ ಫಂಗಸ್ ಖಚಿತವಾದ ಮೇಲೆ ಲ್ಯಾಬಿನ ಕೆಲಸ ಮುಗಿಯಲ್ಲ. ಸಾಧ್ಯವಾದರೆ ಸೆಂಟ್ರಲ್ ಲೈನ್ ತೆಗೆಯುತ್ತಾರೆ, ದಿನವೋ ದಿನ ಬಿಟ್ಟು ದಿನವೋ ಹೊಸ ಬಾಟಲಿ ಕಳಿಸುತ್ತಾರೆ. ಔಷಧಿಯ 14 ದಿನ ಎಣಿಸುವುದು ಮೊದಲ ಇಂಜೆಕ್ಷನ್‌ನಿಂದ ಅಲ್ಲ, ಕಲ್ಚರ್ ಮೊದಲ ಸಲ ನೆಗೆಟಿವ್ ಆದ ದಿನದಿಂದ. ‘ಹದಿನಾಲ್ಕು ದಿನ ಅಂದಿದ್ರು, ಇಪ್ಪತ್ತಾಯ್ತಲ್ಲ’ ಅಂತ ಗೆಳೆಯ ಸಿಟ್ಟಾಗಿದ್ದು ಇದು ಗೊತ್ತಿಲ್ಲದೆ. ಆಮೇಲೆ ಒಂದು ದಿನ ಕಣ್ಣಿನ ಡಾಕ್ಟರ್ ಬಂದು ರೋಗಿಯ ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗೆ ನೋಡುತ್ತಾರೆ. ಹೊಟ್ಟೆ ಆಪರೇಷನ್‌ಗೂ ಕಣ್ಣಿಗೂ ಏನು ಸಂಬಂಧ, ಇದೂ ಬಿಲ್‌ಗೇ ಅಂತ ಅನ್ನಿಸಬಹುದು. ರಕ್ತದಲ್ಲಿ ಹರಿದ ಯೀಸ್ಟ್ ಕಣ್ಣಿನ ಹಿಂಭಾಗದಲ್ಲಿ ಸದ್ದಿಲ್ಲದೆ ಕೂತು ದೃಷ್ಟಿಯನ್ನೇ ತೆಗೆಯಬಲ್ಲದು, ಪ್ರಜ್ಞೆ ಇಲ್ಲದ ರೋಗಿ ‘ಮಂಜಾಗಿ ಕಾಣ್ತಿದೆ’ ಅಂತ ಹೇಳಲಾರರು. ಹಾಗಾಗಿ ಅವರೇ ಬಂದು ನೋಡುತ್ತಾರೆ.